ಮಾಂಸರಕ್ಷಕ ಪೊರೆಗಳ ವಿಕಾಸ

ಹಸಿ ಮಾಂಸವನ್ನು ಕೆಡಿಸುವ ತೇವ, ಉಷ್ಣ, ಸೂಕ್ಷ್ಮಾಣುಗಳೇ ಅದನ್ನು ಸುತ್ತಿದ ಹೊದಿಕೆಯನ್ನು ಕಾಲಾಂತರದಲ್ಲಿ ಮಣ್ಣುಗೂಡಿಸುವುದಕ್ಕೂ ಬೇಕಾದುವಾಗಿರುವುದರಿಂದ, ಮಾಂಸದ ಮೇಲಿರುವಷ್ಟು ದಿನ ಅವುಗಳನ್ನು ಎದುರಿಸಿ ನಿಂತು, ಬಿಸುಟ ಬಳಿಕ ಅವುಗಳಿಗೇ ವಶವಾಗತಕ್ಕ ಪೊರೆಯೊಂದನ್ನು ನಿರ್ಮಿಸುವುದು ಆಹಾರವಿಜ್ಞಾನದ ಕಠಿನತಮ ಸಮಸ್ಯೆಗಳಲ್ಲೊಂದಾಗಿದೆ.

ಈ ಪ್ರಯತ್ನದ ಮೂಲ ಪ್ಲಾಸ್ಟಿಕ್ಕಿಗಿಂತ ಬಹಳ ಹಳೆಯದು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾಂಸಕ್ಕೆ ಕೊಬ್ಬನ್ನು ಬಳಿದಿಡುತ್ತಿದ್ದರು. 1869ರಲ್ಲಿ ಅಮೆರಿಕದಲ್ಲಿ ಜೆಲಟಿನ್ ಲೇಪನಕ್ಕೆ ಪೇಟೆಂಟ್ ದೊರೆಯಿತು. 1908ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞ ಜಾಕ್ ಬ್ರಾಂಡೆನ್‌ಬರ್ಗರನು ಸೆಲ್ಯುಲೋಸಿನಿಂದ ಸೆಲ್ಲೊಫೇನ್ ಎಂಬ ಪಾರದರ್ಶಕ ಹಾಳೆಯನ್ನು ಪಡೆದನಾದರೂ, ನೀರಾವಿಯನ್ನು ತಡೆಯುವ ಶಕ್ತಿ ಅದಕ್ಕೆ ಬಂದುದು 1927ರಲ್ಲಿ ವಿಲಿಯಂ ಹೇಲ್ ಚಾರ್ಚನು ತಕ್ಕ ಲೇಪವನ್ನು ಕಂಡುಹಿಡಿದ ಮೇಲೆಯೇ. ಒಂದೇ ಮಗ್ಗುಲಿಗೆ ಲೇಪವಿದ್ದ ಹಾಳೆಯ ಬರಿಯ ಮಗ್ಗುಲನ್ನು ಮಾಂಸಕ್ಕೆ ತಾಗಿಸಿದಾಗ, ಅದು ತೇವವನ್ನು ಹೀರಿ ಆಮ್ಲಜನಕಕ್ಕೆ ದಾರಿಬಿಡುತ್ತಿತ್ತು. ಆ ಆಮ್ಲಜನಕವನ್ನು ಪಡೆದ, ಮಯೋಗ್ಲೋಬಿನ್ ಎಂಬ ಸ್ನಾಯುವಿನ ವರ್ಣಪ್ರೋಟೀನಿನಿಂದ ಮಾಂಸವು ಕೊಳ್ಳುವವರು ಬಯಸುವ ಕೆಂಬಣ್ಣವನ್ನು ತಾಳುತ್ತಿತ್ತು. ಸಸ್ಯಜನ್ಯ ಪೊರೆಯೊಂದು ಮಾಂಸದ ಸ್ವಭಾವಕ್ಕೆ ಇಷ್ಟು ಚೆನ್ನಾಗಿ ಹೊಂದಿಕೊಂಡುದು ಇಂದಿಗೂ ಮನನಯೋಗ್ಯವಾದ ಸಂಗತಿ.

ಅನಂತರ ಅಗ್ಗದ ಪಾಲಿಥೀನ್, ಪಿವಿಸಿಗಳು ಬಂದುವು. ನಿರ್ವಾತ ಪೊಟ್ಟಣಗಳು ಬಂದುವು. ಶೇಕಡ 70–80 ಆಮ್ಲಜನಕವನ್ನೂ ಉಳಿದುದು ಬಹುತೇಕ ಇಂಗಾಲದ ಡೈಆಕ್ಸೈಡನ್ನೂ ತುಂಬಿದ ತಟ್ಟೆಗಳು ಬಂದುವು. ಮಾಂಸ ಉಳಿಯಿತು, ಹೊದಿಕೆಯೂ ಉಳಿಯಿತು.

ಈ ಎರಡನೆಯ ಉಳಿವು ಹೊರೆಯಾದಾಗ, ಕೊಳೆಯಬಲ್ಲ ವಸ್ತುಗಳ ಹಳೆಯ ಶೋಧಗಳತ್ತ ದೃಷ್ಟಿ ಹರಿಯಿತು. ಬ್ಯಾಕ್ಟೀರಿಯಗಳ ದೇಹದಲ್ಲಿ ಸಂಚಯವಾಗುವ ಪಿಎಚ್‌ಬಿ ಎಂಬ ಪಾಲಿಯೆಸ್ಟರನ್ನು ಫ್ರಾನ್ಸಿನ ಮೊರೀಸ್ ಲೆಮ್ವಾನ್ಯನು 1920ರ ದಶಕದಲ್ಲಿಯೇ ಗುರುತಿಸಿದ್ದನು. ಮೆಕ್ಕೆಜೋಳದ ಸಕ್ಕರೆಯಿಂದ ದೊರೆಯುವ ಪಾಲಿಲ್ಯಾಕ್ಟಿಕ್ ಆಮ್ಲ ಈ ಶತಮಾನದ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳನ್ನು ಸೇರಿತು. ಆದರೆ ಅದು ಬೇಗನೆ ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವಿನ ಗೊಬ್ಬರದ ಘಟಕವೇ ಬೇಕು. ಮನೆಯ ತಿಪ್ಪೆಯಲ್ಲಿ ಕೊಳೆಯದ ವಸ್ತುವನ್ನು ವಿಘಟನೀಯವೆಂದಷ್ಟೇ ಹೇಳಿ ಮಾರುವುದು ನ್ಯಾಯವೆಂದು ನನಗೆ ತೋರದು.

ಪಿಷ್ಟ, ಪ್ರೋಟೀನು, ಕೈಟೊಸಾನ್‌ಗಳ ಪೊರೆಗಳಲ್ಲಿ ತೊಡಕು ಬೇರೆ ಬಗೆಯದು. ಒಣಗಿರುವಾಗ ಆಮ್ಲಜನಕವನ್ನು ಸೊಗಸಾಗಿ ತಡೆಯುವ ಇವು, ಮುಕ್ಕಾಲುಪಾಲು ನೀರಾಗಿರುವ ಮಾಂಸವನ್ನು ಮುಟ್ಟಿದೊಡನೆ ಉಬ್ಬಿ, ಆ ಗುಣವನ್ನು ಕಳೆದುಕೊಳ್ಳುತ್ತವೆ. ಆದರೂ ಸಿಗಡಿಯ ಚಿಪ್ಪಿನಿಂದ ಲಭಿಸುವ ಕೈಟೊಸಾನಿಗೆ ಪ್ಲಾಸ್ಟಿಕ್ಕಿಗಿಲ್ಲದ ಒಂದು ಸಾಮರ್ಥ್ಯವುಂಟು: ಆಮ್ಲೀಯ ಪರಿಸರದಲ್ಲಿ ಧನವಿದ್ಯುದಂಶವನ್ನು ಪಡೆಯುವ ಅದರ ಅಮೈನೊ ಗುಂಪುಗಳು ಸೂಕ್ಷ್ಮಾಣುಗಳ ಹೊರಪೊರೆಯನ್ನು ಭಂಗಗೊಳಿಸುತ್ತವೆ. ಪೊರೆಯೊಳಗೆ ದಾಲ್ಚಿನ್ನಿ, ಲವಂಗ, ಓರೆಗಾನೊಗಳ ತೈಲವನ್ನು ಬೆರೆಸುವ ಪ್ರಯೋಗಗಳೂ ವಿಪುಲವಾಗಿವೆ. ಆದರೆ ಪ್ರಯೋಗಶಾಲೆಯ ಅಗರ್ ತಟ್ಟೆಯಲ್ಲಿ ಸೂಕ್ಷ್ಮಾಣುಗಳನ್ನು ಜಯಿಸಿದ ತೈಲವು, ಮಾಂಸದ ಕೊಬ್ಬು ಪ್ರೋಟೀನುಗಳಿಗೆ ಅಂಟಿ ನಿಸ್ತೇಜವಾಗುವುದರಿಂದ, ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಹೆಚ್ಚಿಸಿದರೆ ವಾಸನೆ ಅಡುಗೆಯವರೆಗೂ ಬೆನ್ನಟ್ಟುತ್ತದೆ. ಆದ್ದರಿಂದ ನಿಜವಾದ ಮಾಂಸದ ಮೇಲೆ, ನಿಜವಾದ ಶೈತ್ಯದಲ್ಲಿ ನಡೆದ ಪರೀಕ್ಷೆಗಳನ್ನೇ ಪ್ರಮಾಣವಾಗಿ ಗಣಿಸತಕ್ಕದ್ದು.

2016ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದ ಕರ್ನಾಟಕದಲ್ಲಿ ಈ ವಿವೇಚನೆ ಮತ್ತೊಂದು ರೂಪವನ್ನು ತಾಳುತ್ತದೆ. ಬೆಳಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಬೇಯಿಸುವ ಮಾಂಸಕ್ಕೆ ವಾರಗಟ್ಟಲೆ ಕಾಯುವ ಪೊರೆಯ ಅಗತ್ಯವಿಲ್ಲ. ರಸ ಸೋರದಂತೆ ಕೆಲವು ಗಂಟೆ ಹಿಡಿದಿಡಬಲ್ಲ, ಪಿಷ್ಟ ಅಥವಾ ಮೇಣವನ್ನು ಲೇಪಿಸಿದ ಗಟ್ಟಿ ಕಾಗದ ಇಲ್ಲವೆ ಅಗಲವಾದ ಎಲೆಯೇ ಸಾಕು. ದೀರ್ಘಕಾಲದ ರಕ್ಷಣೆಯ ಪೊರೆಯು ದೂರದ ನಗರಗಳಿಗೆ ಶೈತ್ಯವಾಹನದಲ್ಲಿ ಹೋಗುವ ಮಾಂಸಕ್ಕೆ ಸಲ್ಲತಕ್ಕದ್ದು.