ಕಂಪನಿ ಹೊಡೆಯದ ಹನುಮಂತನ ಆಣೆ

ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮಂತರನ್ನು ನಂಬಿದ ಸೀಮೆಯಲ್ಲಿ ಹನುಮಪ್ಪನ ಮುದ್ರೆಯ ತಾಮ್ರದ ಬಿಲ್ಲೆಗೆ ದೇವರ ಜಗಲಿಯಲ್ಲಿ ಜಾಗ ಸಿಗುವುದು ಸಹಜವೇ. ಬಿಲ್ಲೆಯ ಒಂದು ಮಗ್ಗುಲಲ್ಲಿ ಹನುಮಂತ, ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 'ಒಂದು ಆಣೆ' ಎಂಬ ಬೆಲೆ, 1818 ಎಂಬ ಇಸವಿ. ಕಂಪನಿ ಕಾಲದ ನಾಣ್ಯವೆಂದೇ ಇದನ್ನು ಮಾರುತ್ತಾರೆ, ಕೊಳ್ಳುತ್ತಾರೆ. ಇದು ನಾಣ್ಯವೂ ಅಲ್ಲ, ಆ ಕಾಲದ್ದೂ ಅಲ್ಲ. ಕಂಪನಿ ಒಂದಾಣೆಯ ತಾಮ್ರದ ನಾಣ್ಯ ಹೊರಡಿಸಿದ್ದೇ ಇಲ್ಲ. 1835ರ ಕಾಯ್ದೆಯ ತಾಮ್ರದ ನಾಣ್ಯಗಳು ಅರ್ಧ ಆಣೆಗೇ ನಿಂತವು. ಒಂದಾಣೆ ಬಂದದ್ದು 1907ರಲ್ಲಿ, ಕಂಪನಿ ಆಳ್ವಿಕೆ ಮುಗಿದು ಅರ್ಧ ಶತಮಾನ ಕಳೆಯುತ್ತ ಬಂದಾಗ. ಅದೂ ನಿಕ್ಕಲ್ ಬೆರೆಸಿದ ಲೋಹದಲ್ಲಿ, ಅಲೆಯಲೆಯಾದ ಅಂಚಿನೊಂದಿಗೆ. ಮುಂಬಯಿ ಪ್ರಾಂತ್ಯಕ್ಕೆಂದು ಕಂಪನಿ 1804ರಲ್ಲಿ ಹೊಡೆಸಿದ ಪೈಸೆಯ ಮೇಲಿದ್ದದ್ದೂ ಹನುಮಂತನಲ್ಲ, ತಕ್ಕಡಿ, ಜೊತೆಗೆ 'ನ್ಯಾಯ' ಎಂದು ಸಾರುವ ಅರಬ್ಬಿ ಪದ.

ಪೇಶ್ವೆಯ ರಾಜ್ಯ ಅಳಿದು ಧಾರವಾಡ ಸೀಮೆ ಕಂಪನಿಯ ಕೈಸೇರಿದ್ದು 1818ರಲ್ಲೇ ಅಲ್ಲವೇ, ಆ ನೆನಪಿಗೆ ಹೊಡೆಸಿರಬಾರದೇಕೆ ಎಂದು ಕೇಳಬಹುದು. ಆದರೆ ಇದೇ ಇಸವಿಯ ಬಿಲ್ಲೆಗಳು ರಾಮದರ್ಬಾರು, ಲಕ್ಷ್ಮಿ, ಓಂಕಾರ, ಕಮಲ ಹೀಗೆ ಹತ್ತು ರೂಪದಲ್ಲಿ ದೇಶದ ತುಂಬ ಸಿಗುತ್ತವೆ. ಧಾರವಾಡದ ಇತಿಹಾಸಕ್ಕೂ ಅವಕ್ಕೂ ಸಂಬಂಧವಿಲ್ಲ. ಮದರಾಸಿನ ವರಹದ ಮೇಲೆ ಕಂಪನಿಯೇ ವಿಷ್ಣುವನ್ನು ಹೊಡೆಸಿತ್ತಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. ನಿಜ, ಹೊಡೆಸಿತ್ತು, ಆದರೆ ಅದು ಪೇಟೆಯಲ್ಲಿ ಆಗಲೇ ನಡೆಯುತ್ತಿದ್ದ ವರಹದ ಗುರುತನ್ನು ಮುಂದುವರಿಸಿದ್ದಷ್ಟೇ, ಒಂದಾಣೆಗೆ ಅಂಥ ಹಿನ್ನೆಲೆಯಿಲ್ಲ. ಹನುಮಂತನ ನಿಜವಾದ ನಾಣ್ಯ ಬೇಕೆಂದರೆ ದೂರ ಹೋಗಬೇಕಿಲ್ಲ. ಇದೇ ಸೀಮೆಯ ಹಾನಗಲ್ಲಿನ ಕದಂಬರು ವಾನರಧ್ವಜದವರು. 11ನೇ ಶತಮಾನದ ತೋಯಿಮದೇವನ ಚಿನ್ನದ ನಾಣ್ಯದಲ್ಲಿ ಹನುಮಂತನಿದ್ದಾನೆ. ಅಂಥ ಪರಂಪರೆಯಿರುವ ನೆಲದಲ್ಲಿ ಕಂಪನಿಯ ಸುಳ್ಳು ಹೆಸರಿನ ಬಿಲ್ಲೆಗೆ ಮನ್ನಣೆ ಸಿಗುವುದು ಬೇಸರದ ಸಂಗತಿ.

ಹಾಗಾದರೆ ನಾಣ್ಯವಲ್ಲದ ಟೋಕನ್ನುಗಳನ್ನು ಕೂಡಿಡುವುದೇ ವ್ಯರ್ಥವೇ? ಖಂಡಿತ ಅಲ್ಲ. ಆಸ್ಟ್ರೇಲಿಯದಲ್ಲಿ ಚಿಲ್ಲರೆಗೆ ಬರ ಬಂದಾಗ ಮೆಲ್ಬರ್ನಿನ ಕಿರಾಣಿ ವರ್ತಕರಾದ ಅನಂಡ್ ಸ್ಮಿತ್ ಕಂಪನಿ 1849ರಲ್ಲಿ ತನ್ನದೇ ಪೆನ್ನಿ ಟೋಕನ್ ಹೊರಡಿಸಿತು. ಬೇರೆ ವರ್ತಕರೂ ಅದೇ ದಾರಿ ಹಿಡಿದರು. ಅಂಥ ಟೋಕನ್ನು ಸರ್ಕಾರದ ನಾಣ್ಯವಲ್ಲ, ಆದರೂ ಪ್ರಾಮಾಣಿಕ. ಯಾರು ಹೊಣೆ ಎಂಬುದು ಅದರ ಮೇಲೇ ಇದೆ. ನಮ್ಮ ರಾಮಟಂಕವೂ ಹಾಗೆಯೇ: ಒಂದು ಕಡೆ ಪಟ್ಟಾಭಿಷೇಕ, ಇನ್ನೊಂದು ಕಡೆ ಬಿಲ್ಲು ಹಿಡಿದ ರಾಮಲಕ್ಷ್ಮಣರು, ಪೂಜೆಗೆಂದು ಹುಟ್ಟಿದ್ದು, ಹಣವೆಂದು ಹೇಳಿಕೊಳ್ಳುವುದಿಲ್ಲ. 1818ರ ಬಿಲ್ಲೆ ಮಾತ್ರ ಹೊಣೆಗಾರನನ್ನು ಮುಚ್ಚಿಟ್ಟು ಇನ್ನೊಬ್ಬರ ಹೆಸರು ಹೊತ್ತಿದೆ. ಭಕ್ತಿಗೆ ಇಸವಿಯ ಹಂಗೇಕೆ ಎನ್ನುವವರ ಮಾತನ್ನು ಜಗಲಿಯ ಮಟ್ಟಿಗೆ ಒಪ್ಪುತ್ತೇನೆ. ಆದರೆ ಅಕ್ಕಿ ಸೆಳೆಯುವ ತಾಮ್ರವೆಂದು ನಂಬಿಸಿ ಲಕ್ಷಗಟ್ಟಲೆ ದೋಚುವ 'ರೈಸ್ ಪುಲ್ಲಿಂಗ್' ವಂಚಕರಿಗೂ ಇಂಥ ಹುಸಿ ಹಳಮೆಯೇ ಬಂಡವಾಳ. ಆದ್ದರಿಂದ ಸಂಗ್ರಾಹಕರು ಇದನ್ನು ಕಂಪನಿ ನಾಣ್ಯಗಳ ಸಾಲಿನಿಂದ ತೆಗೆದು, ಬೇರೆ ಲಕೋಟೆಯಲ್ಲಿಟ್ಟು, ಮೇಲೆ 'ಈಚಿನ ಬಿಲ್ಲೆ' ಎಂದು ಬರೆಯಬೇಕು.