ಆಕಳಿಕೆ: ದೇಹದ ಕಾರಣ, ಸಮಾಜದ ಅರ್ಥ

1. ಪ್ರಸ್ತಾವನೆ

ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವ ಮುನ್ನ, ದೀರ್ಘ ಭಾಷಣ ಕೇಳುವಾಗ, ಎದುರಿಗಿದ್ದವರು ಆಕಳಿಸಿದಾಗ ನಮಗೂ ಆಕಳಿಕೆ ಬರುತ್ತದೆ. ಸುಮಾರು ಆರು ಸೆಕೆಂಡುಗಳಲ್ಲಿ ಮುಗಿದುಹೋಗುವ ಈ ಕ್ರಿಯೆಯನ್ನು ಸೋಮಾರಿತನದ, ಬೇಸರದ ಅಥವಾ ಅಗೌರವದ ಗುರುತೆಂದು ಎಣಿಸುವುದು ವಾಡಿಕೆ. ತರಗತಿಯಲ್ಲಿ ಆಕಳಿಸಿದ ಹುಡುಗ ಮೇಷ್ಟರ ಕಣ್ಣಿಗೆ ಅಪರಾಧಿಯಾಗುತ್ತಾನೆ. ಆದರೆ ಆಕಳಿಕೆ ಏಕೆ ಬರುತ್ತದೆ, ಏಕೆ ಹರಡುತ್ತದೆ, ಸಮಾಜ ಅದಕ್ಕೆ ಏಕೆ ಅರ್ಥ ಕಟ್ಟುತ್ತದೆ ಎಂಬುವು ಮೂರು ಬೇರೆ ಬೇರೆ ಪ್ರಶ್ನೆಗಳು. ಒಂದರ ಉತ್ತರವನ್ನು ಮತ್ತೊಂದಕ್ಕೆ ಅಂಟಿಸಿದ್ದರಿಂದಲೇ ಈ ವಿಷಯದಲ್ಲಿ ಗೊಂದಲ ಬೆಳೆದಿದೆ ಎಂಬುದು ಪ್ರಸ್ತುತ ಲೇಖನದ ವಾದ.

2. ಪರಂಪರೆಯ ನೋಟ

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು ಹೇಳುತ್ತದೆ. ಹಸಿವು, ಬಾಯಾರಿಕೆ, ಸೀನು, ಕಣ್ಣೀರು, ನಿದ್ರೆಗಳ ಸಾಲಿನಲ್ಲೇ ಜೃಂಭೆ, ಅಂದರೆ ಆಕಳಿಕೆಯೂ ಇದೆ. ಅದನ್ನು ಬಲವಂತವಾಗಿ ತಡೆದರೆ ದೇಹ ಬಾಗುವುದು, ಜೋಮು, ನಡುಕ ಮುಂತಾದವು ಉಂಟಾಗುತ್ತವೆಂದೂ ಅದಕ್ಕೆ ವಾತಹರ ಚಿಕಿತ್ಸೆ ಮಾಡಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಯೋಗಗ್ರಂಥಗಳು ಐದು ಉಪಪ್ರಾಣಗಳಲ್ಲಿ ದೇವದತ್ತವೆಂಬುದಕ್ಕೆ ಆಕಳಿಕೆಯ ಹೊಣೆ ವಹಿಸಿವೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವೃತ್ರನು ಇಂದ್ರನನ್ನು ನುಂಗಿದಾಗ ದೇವತೆಗಳು ಜೃಂಭಿಕೆಯನ್ನು ಸೃಷ್ಟಿಸುತ್ತಾರೆ. ವೃತ್ರ ಆಕಳಿಸುತ್ತಾನೆ, ಇಂದ್ರ ಮೈ ಕುಗ್ಗಿಸಿಕೊಂಡು ಹೊರಬರುತ್ತಾನೆ. ಅಂದಿನಿಂದ ಜೃಂಭಿಕೆ ಪ್ರಾಣಿಗಳಲ್ಲಿ ನೆಲೆಸಿತೆಂದು ಕಥೆ ಹೇಳುತ್ತದೆ. ಈ ಮೂರೂ ಕಡೆ ಒಂದು ತಿಳಿವು ಸಮಾನವಾಗಿದೆ: ಆಕಳಿಕೆ ಮನುಷ್ಯನ ಇಚ್ಛೆಗೆ ಒಳಪಟ್ಟಿದ್ದಲ್ಲ, ಅದು ಜೀವದೊಂದಿಗೇ ಬಂದದ್ದು.

3. ಆಮ್ಲಜನಕದ ವಿವರಣೆ

ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ದೇಹವು ಆಕಳಿಸಿ ಅದನ್ನು ತುಂಬಿಕೊಳ್ಳುತ್ತದೆ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1987ರಲ್ಲಿ ಅಮೆರಿಕದ ರಾಬರ್ಟ್ ಪ್ರೊವೈನ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಶುದ್ಧ ಆಮ್ಲಜನಕವನ್ನೂ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿಯನ್ನೂ ಕೊಟ್ಟು ನೋಡಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಉಸಿರಾಟದ ವೇಗ ಏರಿತು, ಆಕಳಿಕೆ ಏರಲಿಲ್ಲ. ಆಮ್ಲಜನಕ ಹೆಚ್ಚಿದಾಗ ಆಕಳಿಕೆ ಇಳಿಯಲೂ ಇಲ್ಲ. ವ್ಯಾಯಾಮದಿಂದ ಉಸಿರಾಟ ಬಿರುಸಾದಾಗಲೂ ಫಲಿತಾಂಶ ಬದಲಾಗಲಿಲ್ಲ. ಗಾಳಿಯನ್ನು ಉಸಿರಾಡದೆ ದ್ರವದಲ್ಲಿರುವ ಗರ್ಭಸ್ಥ ಶಿಶುವೂ ಆಕಳಿಸುವುದನ್ನು ಅಲ್ಟ್ರಾಸೌಂಡ್ ತೋರಿಸಿದೆ. ಹಾಗಾಗಿ ಈ ವಿವರಣೆಯನ್ನು ಕೈಬಿಡುವುದೇ ಸರಿ.

4. ಸ್ಥಿತಿ ಬದಲಾವಣೆಯ ವಿವರಣೆ

ಆಕಳಿಕೆ ಹೆಚ್ಚಾಗಿ ಕಾಣುವುದು ನಿದ್ರೆಯಿಂದ ಎಚ್ಚರಕ್ಕೆ, ಎಚ್ಚರದಿಂದ ನಿದ್ರೆಗೆ, ಚಟುವಟಿಕೆಯಿಂದ ನಿಷ್ಕ್ರಿಯತೆಗೆ ದೇಹ ದಾಟುವ ಹೊತ್ತಿನಲ್ಲಿ. ಎದ್ದ ಕೂಡಲೇ ಆಕಳಿಕೆಯ ಜೊತೆಗೆ ಮೈಮುರಿಯುವುದೂ ಇದಕ್ಕೆ ಹೊಂದುತ್ತದೆ. ಏಕತಾನದ ದೃಶ್ಯ ನೋಡುತ್ತಿದ್ದವರು ಸಂಗೀತದ ವಿಡಿಯೊ ನೋಡುತ್ತಿದ್ದವರಿಗಿಂತ ಹೆಚ್ಚು ಆಕಳಿಸಿದರೆಂದು 1986ರ ಪ್ರಯೋಗವೊಂದು ತೋರಿಸಿತು. ಬೇಸರಕ್ಕೂ ಆಕಳಿಕೆಗೂ ನಂಟಿದೆ, ನಿಜ. ಆದರೆ ಅದು ತಾತ್ಸಾರದ ನಂಟಲ್ಲ. ಮಂಕಾಗುತ್ತಿರುವ ಎಚ್ಚರದ ನಂಟು.

ಮಿದುಳನ್ನು ತಂಪುಗೊಳಿಸುವುದೇ ಆಕಳಿಕೆಯ ಕೆಲಸವೆಂದು ಸಂಶೋಧಕ ಆಂಡ್ರ್ಯೂ ಗ್ಯಾಲಪ್ 2007ರಿಂದ ವಾದಿಸುತ್ತ ಬಂದಿದ್ದಾರೆ. ಮೂಗಿನಿಂದ ಉಸಿರಾಡಿದವರಲ್ಲಿ, ಹಣೆಗೆ ತಣ್ಣನೆಯ ಪಟ್ಟಿ ಇಟ್ಟುಕೊಂಡವರಲ್ಲಿ ಅಂಟು ಆಕಳಿಕೆ, ಅಂದರೆ ಇನ್ನೊಬ್ಬರನ್ನು ನೋಡಿ ಬರುವ ಆಕಳಿಕೆ ಕಡಿಮೆಯಾದದ್ದು ಅವರ ಆಧಾರ. ಆಕಳಿಕೆ ಮಂಕಾದ ಎಚ್ಚರವನ್ನು ಮತ್ತೆ ಹೆಚ್ಚಿಸುತ್ತದೆಂಬ ಇನ್ನೊಂದು ವಾದಕ್ಕೆ ಗಟ್ಟಿ ಪುರಾವೆ ಇಲ್ಲವೆಂದೂ, ಸಂವಹನವೇ ಅದರ ಮುಖ್ಯ ಕೆಲಸವಿರಬಹುದೆಂದೂ ಗುಗ್ಗಿಸ್‌ಬರ್ಗ್ ಮತ್ತು ಸಂಗಡಿಗರು 2010ರ ವಿಮರ್ಶೆಯಲ್ಲಿ ಆಕ್ಷೇಪಿಸಿದರು. ಚರ್ಚೆ ಮುಗಿದಿಲ್ಲ.

ಆದರೆ ಈ ಕ್ರಿಯೆಯ ಮೂಲ ವಿಕಾಸದ ದೃಷ್ಟಿಯಿಂದ ಮಿದುಳಿನ ಹಳೆಯ ಭಾಗಗಳಲ್ಲಿದೆ ಎಂಬುದಕ್ಕೆ ವೈದ್ಯಕೀಯ ಸಾಕ್ಷ್ಯವಿದೆ. ಪಾರ್ಶ್ವವಾಯುವಿನಿಂದ ಕೈ ಆಡದ ಕೆಲವು ರೋಗಿಗಳಲ್ಲಿ, ಆಕಳಿಸುವ ಹೊತ್ತಿಗೆ ಅದೇ ಕೈ ತಾನಾಗಿ ಮೇಲೇಳುತ್ತದೆ. ಮನಸ್ಸು ಮಾಡಿದರೂ ಏಳದ ಕೈ ಆಕಳಿಕೆಗೆ ಏಳುತ್ತದೆ ಎಂದರೆ, ಈ ಕ್ರಿಯೆ ಇಚ್ಛೆಯ ಮಾರ್ಗಗಳನ್ನು ಬಿಟ್ಟು ಬೇರೆ ದಾರಿಯಲ್ಲಿ ಸಾಗುತ್ತದೆ ಎಂದರ್ಥ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಆಕಳಿಕೆ ಹೆಚ್ಚಿಸುವುದೂ, ಅಫೀಮು ಜಾತಿಯ ಮಾದಕವಸ್ತು ಬಿಟ್ಟವರಲ್ಲಿ ಅದು ಪದೇ ಪದೇ ಕಾಣುವುದೂ ಮಿದುಳಿನ ರಾಸಾಯನಿಕಗಳ ಪಾತ್ರವನ್ನು ಸೂಚಿಸುತ್ತವೆ.

5. ಅಂಟುವ ಆಕಳಿಕೆ

ತಾನಾಗಿ ಬರುವ ಆಕಳಿಕೆ ಗರ್ಭದಲ್ಲೇ ಶುರುವಾದರೂ, ಇನ್ನೊಬ್ಬರನ್ನು ನೋಡಿ ಬರುವ ಆಕಳಿಕೆ ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಸ್ಪಷ್ಟವಾಗುತ್ತದೆ. ಎರಡೂ ಒಂದೇ ಅಲ್ಲವೆಂಬುದಕ್ಕೆ ಇದೇ ಬಲವಾದ ಆಧಾರ. ಚಿಂಪಾಂಜಿಗಳಲ್ಲಿ ಅಂಟು ಆಕಳಿಕೆ ಇರುವುದನ್ನು 2004ರ ಅಧ್ಯಯನ ತೋರಿಸಿತು. ಮನುಷ್ಯರು ಆಕಳಿಸಿದ್ದನ್ನು ಕಂಡು ನಾಯಿಗಳೂ ಆಕಳಿಸುತ್ತವೆಂದು 2008ರ ಅಧ್ಯಯನ ವರದಿ ಮಾಡಿತು. 2011ರಲ್ಲಿ ನಾರ್ಸಿಯಾ ಮತ್ತು ಪಲಾಗಿ ದಿನನಿತ್ಯದ ಸನ್ನಿವೇಶಗಳನ್ನು ಗಮನಿಸಿ, ಅಪರಿಚಿತರಿಗಿಂತ ಸ್ನೇಹಿತರ, ಸ್ನೇಹಿತರಿಗಿಂತ ರಕ್ತಸಂಬಂಧಿಗಳ ಆಕಳಿಕೆ ಹೆಚ್ಚಾಗಿ ಅಂಟುತ್ತದೆಂದು ಕಂಡುಕೊಂಡರು.

ಇದರಿಂದ ಅಂಟು ಆಕಳಿಕೆಯೇ ಸಹಾನುಭೂತಿಯ ಅಳತೆಗೋಲು ಎಂದು ತೀರ್ಮಾನಿಸುವುದು ಅವಸರವಾದೀತು. 2014ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 328 ಮಂದಿಗೆ ಆಕಳಿಕೆಯ ವಿಡಿಯೊ ತೋರಿಸಿದಾಗ 222 ಮಂದಿ ಆಕಳಿಸಿದರು. ಸಹಾನುಭೂತಿಯ ಅಂಕಗಳೊಂದಿಗೆ ಅದಕ್ಕೆ ಬಲವಾದ ಸಂಬಂಧ ಕಾಣಲಿಲ್ಲ. ವಯಸ್ಸು ಹೆಚ್ಚಿದಂತೆ ಅಂಟುವುದು ಕಡಿಮೆಯಾದರೂ, ಒಟ್ಟು ವ್ಯತ್ಯಾಸದಲ್ಲಿ ವಯಸ್ಸು ವಿವರಿಸಿದ್ದು ಶೇ. 8ರಷ್ಟು ಮಾತ್ರ. ನಂಟರ ಮುಖವನ್ನು ನಾವು ಹೆಚ್ಚು ಗಮನಿಸುತ್ತೇವೆ ಎಂಬ ಸರಳ ಕಾರಣವೂ 2011ರ ಫಲಿತಾಂಶದ ಹಿಂದೆ ಇರಬಹುದು.

6. ಚಿಟಿಕೆ ಮತ್ತು ದೃಷ್ಟಿ

ಕನ್ನಡನಾಡಿನ ಅನೇಕ ಮನೆಗಳಲ್ಲಿ ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯುವ, ‘ಕೃಷ್ಣ ಕೃಷ್ಣ’ ಎನ್ನುವ ರೂಢಿಯಿದೆ. ಉಸಿರನ್ನೇ ಜೀವವೆಂದು ತಿಳಿದ ಸಮಾಜಕ್ಕೆ ಇಷ್ಟಗಲ ತೆರೆದ ಬಾಯಿ ಕಾವಲಿಲ್ಲದ ಬಾಗಿಲಾಗಿ ಕಂಡಿರಬೇಕು. ಹಠ ಹಿಡಿದ ಮಗುವಿಗೆ ದೃಷ್ಟಿ ತೆಗೆಯುವಾಗ ತೆಗೆಯುವವರಿಗೇ ಆಕಳಿಕೆ ಬಂದರೆ ‘ತುಂಬಾ ದೃಷ್ಟಿಯಾಗಿತ್ತು’ ಎನ್ನುವುದುಂಟು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಅದರೊಳಗಿನ ಅವಲೋಕನವನ್ನು ಗಮನಿಸಬೇಕು. ರಚ್ಚೆ ಹಿಡಿದ ಮಗು ಬಹುಮಟ್ಟಿಗೆ ನಿದ್ದೆಗೆಟ್ಟ ಮಗು. ಅದು ಆಕಳಿಸುತ್ತದೆ, ಹತ್ತಿರದಿಂದ ಮುಖ ನೋಡುತ್ತಿರುವ ಅಜ್ಜಿಗೂ ಅಮ್ಮನಿಗೂ ಅದು ಅಂಟುತ್ತದೆ. ಆಮೇಲೆ ಮಗು ಮಲಗುತ್ತದೆ. ಜನ ಕಂಡದ್ದು ಸರಿಯಾಗಿಯೇ ಇತ್ತು, ಹೇಳಿದ ಕಾರಣ ಮಾತ್ರ ಬೇರೆ ಎಂಬುದು ನನ್ನ ನಿಲುವು.

7. ಉಪಸಂಹಾರ

ಆಕಳಿಕೆ ದೇಹದ ಸ್ಥಿತಿ ಬದಲಾಗುತ್ತಿರುವುದರ ಸೂಚನೆ. ಅದು ಹರಡುವುದು ನಾವು ಒಬ್ಬರನ್ನೊಬ್ಬರು ಗಮನಿಸುವ ಜೀವಿಗಳಾದ್ದರಿಂದ. ಅದನ್ನು ಅಗೌರವವೆಂದು ಓದುವುದು ಸಮಾಜ ಕಲಿಸಿದ ಪಾಠ. ಮೊದಲ ಎರಡನ್ನು ಬದಲಿಸಲು ಸಾಧ್ಯವಿಲ್ಲ, ಮೂರನೆಯದನ್ನು ತಿದ್ದಿಕೊಳ್ಳಬಹುದು. ಮಧ್ಯಾಹ್ನದ ತರಗತಿಯಲ್ಲಿ ಆಕಳಿಸುವ ವಿದ್ಯಾರ್ಥಿಯನ್ನು ಗದರುವ ಬದಲು, ರಾತ್ರಿ ಸರಿಯಾಗಿ ಮಲಗಿದ್ದನೇ ಎಂದು ಅಧ್ಯಾಪಕರು ವಿಚಾರಿಸಲಿ. ಕಾರಣವಿಲ್ಲದೆ ಆಕಳಿಕೆ ಹೆಚ್ಚಾದವರು ವೈದ್ಯರಿಗೆ ಅದನ್ನು ತಪ್ಪದೆ ಹೇಳಲಿ. ರಾತ್ರಿ ವಾಹನ ಓಡಿಸುವವರು ಮೇಲಿಂದ ಮೇಲೆ ಆಕಳಿಕೆ ಬಂದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಮಲಗಲಿ.