ಕೀಟಗಳು ಕಡಿಮೆಯಾದರೆ ಕಾಶಿಯ ಲಂಗ್ಡಾ ಮಾವಿಗೆ ಏನಾಗುತ್ತದೆ?

ವಾರಣಾಸಿ: ಕಾಶಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವಿಶ್ವನಾಥನ ದರ್ಶನ, ಗಂಗಾ ಆರತಿ. ಬೇಸಿಗೆಯಲ್ಲಿ ಹೋದವರಿಗೆ, ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಉಳಿಯುವ ಲಂಗ್ಡಾ ಮಾವಿನ ರುಚಿಯೂ ಗೊತ್ತು. 2023ರಲ್ಲಿ ಬನಾರಸಿ ಲಂಗ್ಡಾ ಮಾವಿಗೂ, ಗಂಗೆಯ ಆಚೆ ದಡದ ರಾಮನಗರದ ಬದನೆಗೂ ಜಿಐ ಟ್ಯಾಗ್ ಸಿಕ್ಕಿತು. ಆದರೆ ಈ ಮಾವು ಕಾಯಿ ಕಟ್ಟುವುದು ಕೀಟಗಳ ನೆರವಿನಿಂದ.

ಕೀಟಗಳೇಕೆ ಬೇಕು?

ಲಂಗ್ಡಾ ಮರ ತನ್ನದೇ ತಳಿಯ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಬೇರೆ ತಳಿಯ ಮಾವಿನ ಪರಾಗ ಬೇಕು. ಅದನ್ನು ಹೊತ್ತು ತರುವುದು ಮುಖ್ಯವಾಗಿ ನೊಣ, ಜೇನುನೊಣದಂಥ ಕೀಟಗಳು. ಈ ಭಾಗದ ಇನ್ನೊಂದು ಬೆಳೆಯಾದ ಪರ್ವಲ್‌ನಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಬಳ್ಳಿಗಳಲ್ಲಿ ಬಿಡುತ್ತವೆ. ಪರಾಗ ತಲುಪದಿದ್ದರೆ ಕಾಯಿಯಿಲ್ಲ.

ಬಿಸಿ ಏರಿದರೆ ತೊಂದರೆ ಏನು?

ಕೀಟಗಳ ಮೈ ಬಿಸಿ ಹೊರಗಿನ ಹವೆಯಂತೆ ಏರಿಳಿಯುತ್ತದೆ. ಉಷ್ಣವಲಯದ ಬಹಳಷ್ಟು ಕೀಟಗಳು ಈಗಾಗಲೇ ತಾಳಿಕೆಯ ಮಿತಿಯ ಸಮೀಪದಲ್ಲಿವೆ. ಹೀಗಾಗಿ ಸ್ವಲ್ಪ ಬಿಸಿ ಹೆಚ್ಚಿದರೂ ಅವುಗಳಿಗೆ ಕಷ್ಟ ಎಂದು 2008ರ ಅಧ್ಯಯನವೊಂದು ಹೇಳಿತ್ತು. ಉತ್ತರ ಭಾರತದಲ್ಲಿ ಮಾವು ಹೂ ಬಿಡುವುದು ಫೆಬ್ರವರಿ, ಮಾರ್ಚ್‌ನಲ್ಲಿ. ದೇಶದ ಸರಾಸರಿ ಗರಿಷ್ಠ ತಾಪಮಾನದಲ್ಲಿ 2022ರ ಮಾರ್ಚ್ ಮತ್ತು 2023ರ ಫೆಬ್ರವರಿ, 1901ರಿಂದೀಚೆಗೆ ಆಯಾ ತಿಂಗಳ ದಾಖಲೆ ಬರೆದವು. ಹೂ ಬೇಗ ಅರಳಿ, ಆ ಹೊತ್ತಿಗೆ ಕೀಟಗಳು ಬಾರದಿದ್ದರೆ ಇಳುವರಿಗೆ ಪೆಟ್ಟು.

ಎಲ್ಲ ಕೀಟಗಳೂ ಕುಗ್ಗುವುದಿಲ್ಲ

ತಾಪಮಾನ ಪ್ರತಿ 1 ಡಿಗ್ರಿ ಸೆಲ್ಸಿಯಸ್ ಏರಿದಂತೆ ಭತ್ತ, ಗೋಧಿ, ಮೆಕ್ಕೆಜೋಳದಲ್ಲಿ ಕೀಟಬಾಧೆಯ ನಷ್ಟ ಶೇ.10ರಿಂದ 25ರಷ್ಟು ಹೆಚ್ಚಬಹುದು ಎಂದು 2018ರ ಅಧ್ಯಯನ ಅಂದಾಜಿಸಿದೆ. ಬಾಧೆ ಹೆಚ್ಚಿದರೆ ರೈತ ಔಷಧಿ ಹೊಡೆಯುತ್ತಾನೆ. ಆಗ ಪರಾಗ ತರುವ ಜೇನುನೊಣವೂ, ಪೀಡೆ ತಿನ್ನುವ ಮಿತ್ರ ಕೀಟವೂ ಸಾಯುತ್ತವೆ.

ಜರ್ಮನಿಯ ಸಂರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ ಶೇ.75ಕ್ಕೂ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ವರದಿಯಾಯಿತು. ಭಾರತದಲ್ಲಿ ಇಂಥ ದೀರ್ಘಾವಧಿ ಎಣಿಕೆ ವಿರಳ. ಹವಾಮಾನವೊಂದೇ ಕಾರಣವಲ್ಲ, ನೆಲೆ ನಾಶ, ಕೀಟನಾಶಕ, ರಾತ್ರಿಯ ಅತಿಯಾದ ಬೆಳಕೂ ಸೇರಿವೆ.

ರೈತರು ಏನು ಮಾಡಬಹುದು?

* ಹೂ ಬಿಟ್ಟ ಸಮಯದಲ್ಲಿ ಕೀಟನಾಶಕ ಬೇಡ. ಅನಿವಾರ್ಯವಾದರೆ ಜೇನುನೊಣ ಹಾರಾಟ ನಿಂತ ಮೇಲೆ, ಸಂಜೆ ಸಿಂಪಡಿಸಿ.
* ಲಂಗ್ಡಾ ತೋಟದಲ್ಲಿ ಬೇರೆ ತಳಿಯ ಕೆಲವು ಮಾವಿನ ಮರಗಳಿರಲಿ.
* ಬದುವಿನಲ್ಲಿ ಸಾಸಿವೆ, ಕೊತ್ತಂಬರಿಯಂಥ ಹೂ ಬಿಡುವ ಗಿಡ ಬೆಳೆಸಿ.
* ಬದನೆಯ ಕಾಯಿಕೊರಕಕ್ಕೆ ಮೋಹಕ ಬಲೆ ಬಳಸಿ.

ವಾರಣಾಸಿಯಲ್ಲಿ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆ ಟ್ರೈಕೋಗ್ರಾಮದಂಥ ಮಿತ್ರ ಕೀಟಗಳ ಮೇಲೆ ಕೆಲಸ ಮಾಡುತ್ತಿದೆ. ಮಾವು ಬೆಳೆಯುವ ಕೋಲಾರ, ಶ್ರೀನಿವಾಸಪುರದ ರೈತರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.